ಹಿಮವಿಲ್ಲದ ಬೆಟ್ಟಗಳಲ್ಲಿ ಜಾರುವ ವಿದ್ಯೆ

ಕಾಲಿಗೆ ಎರಡು ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು, ಕೈಯಲ್ಲಿ ಎರಡು ಕೋಲುಗಳನ್ನು ಹಿಡಿದು, ಹಿಮ ಮುಚ್ಚಿದ ಬೆಟ್ಟದ ಇಳಿಜಾರಿನಲ್ಲಿ ಗಾಳಿಯಂತೆ ಜಾರಿಹೋಗುವವರ ಚಿತ್ರಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಸ್ಕೀಯಿಂಗ್ ಎಂಬ ಈ ಆಟಕ್ಕೆ ನಮ್ಮ ದೇಶದಲ್ಲಿ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಮೊದಲಾದ ಊರುಗಳು ಹೆಸರಾಗಿವೆ. ಅಂಥ ಪ್ರತಿಯೊಂದು ಊರಿನಲ್ಲಿಯೂ ಬೆಟ್ಟದ ಮರ್ಮವನ್ನು ಬಲ್ಲ ಹಳಬರಿರುತ್ತಾರೆ. ಯಾವ ಇಳಿಜಾರು ಯಾವ ಹೊತ್ತಿಗೆ ಹಿತ, ಯಾವ ಮೂಲೆಯಲ್ಲಿ ಅಪಾಯ ಅಡಗಿದೆ, ಯಾವ ಮೋಡ ಕಂಡರೆ ಮನೆಗೆ ಮರಳಬೇಕು ಎಂಬುದನ್ನೆಲ್ಲ ಹೊಸಬರು ಅವರಿಂದಲೇ ಕಲಿಯಬೇಕು.

ಕನ್ನಡನಾಡಿನಲ್ಲಿ ಹಿಮ ಬೀಳುವ ಬೆಟ್ಟವಿಲ್ಲ. ಆದರೆ ಬೆಟ್ಟದ ಊರುಂಟು, ಇಳಿಜಾರುಂಟು, ಜಾರುವಿಕೆಯೂ ಉಂಟು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಳನ್ನೇ ನೋಡೋಣ. ಇಲ್ಲಿನ ಮಕ್ಕಳು ಉದುರಿದ ಅಡಿಕೆಯ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ, ಸೋಗೆಯನ್ನು ಹಿಡಿದು ಇಳಿಜಾರಿನಲ್ಲಿ ಎಳೆದುಕೊಂಡು ಓಡುವುದುಂಟು. ಅದು ಬಡವರ ಸ್ಕೀಯಿಂಗ್ ಎನ್ನಲು ಅಡ್ಡಿಯಿಲ್ಲ. ಆದರೆ ರಜೆಯ ದಿನಗಳಲ್ಲಿ ದೂರದ ನಗರಗಳಿಂದ ಈ ಗುಡ್ಡಗಳನ್ನು ಹತ್ತಲು ಬರುವವರು ಜಾರುವುದು ಆಟಕ್ಕಾಗಿ ಅಲ್ಲ, ಬೇಡವೆಂದರೂ ಜಾರುತ್ತಾರೆ. ಕೆಲವರು ಕಾಲು ಮುರಿದುಕೊಳ್ಳುತ್ತಾರೆ, ಕೆಲವರು ದಾರಿ ತಪ್ಪುತ್ತಾರೆ, ಅಪರೂಪಕ್ಕೆ ಪ್ರಾಣವನ್ನೂ ಕಳೆದುಕೊಳ್ಳುತ್ತಾರೆ. ಆದುದರಿಂದ ಇಲ್ಲಿನ ಹಳಬರು ಹೇಳುವ ಮಾತುಗಳೇನು, ಅವುಗಳ ಹಿಂದಿರುವ ವಿಜ್ಞಾನವೇನು ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರಿಸೋಣ.

ಇಲ್ಲಿ ಹಿಮವೇಕೆ ಬೀಳದು?

ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ ೧,೦೦೦ ಮೀಟರಿಗೆ ಸುಮಾರು ೬.೫ ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುತ್ತದೆ. ಮಂಗಳೂರಿನ ಕಡಲ ತೀರದಲ್ಲಿ ೨೭ ಡಿಗ್ರಿ ಇದೆ ಎಂದುಕೊಂಡರೆ, ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಯನ್ನು ಮುಟ್ಟಲು ೪,೦೦೦ ಮೀಟರಿಗೂ ಮೇಲಕ್ಕೆ ಹೋಗಬೇಕು. ಸಕಲೇಶಪುರ ಪಟ್ಟಣವಿರುವುದು ಸುಮಾರು ೯೫೦ ಮೀಟರ್ ಎತ್ತರದಲ್ಲಿ. ನೆರೆಯ ಪುಷ್ಪಗಿರಿ, ಅಂದರೆ ಕುಮಾರಪರ್ವತದ ಎತ್ತರ ೧,೭೧೨ ಮೀಟರ್. ಕರ್ನಾಟಕದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯೂ ೨,೦೦೦ ಮೀಟರನ್ನು ಮುಟ್ಟುವುದಿಲ್ಲ. ಹೀಗಿರುವಾಗ ಇಲ್ಲಿ ಹಿಮದ ಆಸೆ ವ್ಯರ್ಥ. ಆಕಾಶದಲ್ಲಿ ಹೆಪ್ಪುಗಟ್ಟಿದ ಕಣಗಳೂ ಕೆಳಗಿಳಿಯುವಷ್ಟರಲ್ಲಿ ಕರಗಿ ಮಳೆಯಾಗುತ್ತವೆ.

ಹಿಮದ ಬದಲಿಗೆ ಈ ಸೀಮೆಗೆ ದೊರೆತಿರುವುದು ಮಳೆ. ಸಕಲೇಶಪುರದಲ್ಲಿ ವರ್ಷಕ್ಕೆ ೨,೦೦೦ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಘಟ್ಟದ ಅಂಚಿನಲ್ಲಿರುವ ಬಿಸಿಲೆಯಂಥ ಕಡೆ ಮಳೆ ಇನ್ನೂ ಹೆಚ್ಚು. ಪೂರ್ವಕ್ಕೆ ಸರಿದಂತೆ ಆಲೂರಿನ ಕಡೆ ಬಹಳ ಕಡಿಮೆ. ಈ ನೀರೇ ಇಲ್ಲಿ ನೆಲವನ್ನು ಜಾರುವಂತೆ ಮಾಡುವ ಮೊದಲನೆಯ ಕಾರಣ.

ಜಾರುವುದೆಂದರೇನು?

ನಾವು ಇಳಿಜಾರಿನಲ್ಲಿ ನಿಂತಾಗ ಭೂಮಿಯ ಆಕರ್ಷಣೆ ನಮ್ಮನ್ನು ಕೆಳಕ್ಕೆಳೆಯುತ್ತದೆ. ಪಾದಕ್ಕೂ ನೆಲಕ್ಕೂ ನಡುವೆ ಇರುವ ಘರ್ಷಣೆ ಅದನ್ನು ತಡೆಯುತ್ತದೆ. ಎರಡು ವಸ್ತುಗಳ ನಡುವಣ ಘರ್ಷಣೆಯ ಬಲವನ್ನು ವಿಜ್ಞಾನಿಗಳು ಒಂದು ಸಂಖ್ಯೆಯಿಂದ ಸೂಚಿಸುತ್ತಾರೆ; ಅದಕ್ಕೆ ಘರ್ಷಣ ಗುಣಾಂಕವೆಂದು ಹೆಸರು. ಒಣಗಿದ ಒರಟು ಬಂಡೆಯ ಮೇಲೆ ರಬ್ಬರಿನ ಅಟ್ಟೆಗೆ ಈ ಸಂಖ್ಯೆ ಸುಮಾರು ೦.೭ ಅಥವಾ ಹೆಚ್ಚು. ಅಂಥ ಕಡೆ ೩೫ ಡಿಗ್ರಿ ಇಳಿಜಾರಿನಲ್ಲಿಯೂ ಕಾಲು ನಿಲ್ಲುತ್ತದೆ. ಅದೇ ಬಂಡೆಯ ಮೇಲೆ ಪಾಚಿ ಬೆಳೆದು ನೀರು ಹರಿದರೆ ಗುಣಾಂಕ ೦.೨ಕ್ಕೆ ಇಳಿಯಬಹುದು, ಆಗ ೧೧ ಡಿಗ್ರಿಯ ಇಳಿಜಾರೇ ಬೀಳಿಸಲು ಸಾಕು. ಹಿಮದ ಮೇಲೆ ಸ್ಕೀ ಹಲಗೆಗೆ ಇದು ಸುಮಾರು ೦.೦೫ ಮಾತ್ರ, ಮೂರು ಡಿಗ್ರಿ ಇಳಿಜಾರಿದ್ದರೂ ಹಲಗೆ ಹೊರಟುಬಿಡುತ್ತದೆ.

ಹಿಮ ಇಷ್ಟು ನುಣುಪಾಗುವುದು ಹೇಗೆ? ಸವಾರನ ಭಾರದ ಒತ್ತಡದಿಂದ ಹಿಮ ಕರಗುತ್ತದೆ ಎಂದು ಮೊದಲು ನಂಬಿದ್ದರು. ೧೯೩೯ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಒತ್ತಡದ ಪಾತ್ರ ಅತ್ಯಲ್ಪವೆಂದೂ, ಉಜ್ಜುವಿಕೆಯಿಂದ ಹುಟ್ಟುವ ಶಾಖವೇ ತೆಳುವಾದ ನೀರಿನ ಪದರವನ್ನು ಉಂಟುಮಾಡುತ್ತದೆಂದೂ ತೋರಿಸಿದರು. ಮಂಜುಗಡ್ಡೆಯ ಮೇಲ್ಮೈಯಲ್ಲಿ ಸಡಿಲವಾಗಿ ಅಂಟಿಕೊಂಡ ಕಣಗಳ ಪದರವೊಂದು ಸದಾ ಇರುತ್ತದೆಂಬುದೂ ಈಗ ತಿಳಿದಿದೆ. ಸಾರಾಂಶವಿಷ್ಟೆ: ಎರಡು ಗಟ್ಟಿ ವಸ್ತುಗಳ ನಡುವೆ ಮೆತ್ತನೆಯ ತೆಳುಪದರವೊಂದು ನುಸುಳಿದರೆ ಹಿಡಿತ ತಪ್ಪುತ್ತದೆ. ಮಲೆನಾಡಿನಲ್ಲಿ ಈ ಪದರವಾಗುವುದು ಪಾಚಿ, ಕೆಸರು, ಕೊಳೆತ ಎಲೆ ಮತ್ತು ಹುಲ್ಲು.

ಹುಲ್ಲಿನ ವಿಷಯದಲ್ಲಿ ಹೊಸಬರು ಬಹಳ ಮೋಸ ಹೋಗುತ್ತಾರೆ. ಮಳೆಗಾಲದಲ್ಲಿ ಮಾತ್ರ ಜಾರಿಕೆ, ಬೇಸಗೆಯಲ್ಲಿ ಭಯವಿಲ್ಲ ಎಂದು ಅವರ ಎಣಿಕೆ. ಆದರೆ ಜನವರಿಯಿಂದಾಚೆಗೆ ಬೋಳುಗುಡ್ಡಗಳ ಹುಲ್ಲು ಒಣಗಿ ಇಳಿಜಾರಿನ ಕಡೆಗೆ ತಲೆ ಮಾಡಿ ಮಲಗುತ್ತದೆ. ನಯವಾದ ಆ ದಂಟುಗಳ ಮೇಲೆ ಕಾಲಿಟ್ಟರೆ ಅಟ್ಟೆ ನೆಲವನ್ನು ಮುಟ್ಟುವುದೇ ಇಲ್ಲ. ದಂಟಿನ ಮೇಲೆ ದಂಟು ಜಾರುತ್ತದೆ. ಮಳೆ ಕಡಮೆಯಾದ ಆಲೂರಿನ ಕಡೆಯ ಗುಡ್ಡಗಳಲ್ಲಿ ಹುಲ್ಲು ಇನ್ನೂ ಮೊದಲೇ ಒಣಗುತ್ತದೆ.

ಇಳಿಯುವವನ ಹೆಜ್ಜೆ

ಬೆಟ್ಟದಲ್ಲಿ ಬೀಳುವವರು ಹೆಚ್ಚಾಗಿ ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ. ಇಳಿಯುವಾಗ ತೊಡೆಯ ಸ್ನಾಯುಗಳು ಬಿಗಿಹಿಡಿದುಕೊಂಡೇ ಉದ್ದವಾಗಬೇಕು. ಇದರಿಂದ ಅವು ಬೇಗ ಸೋಲುತ್ತವೆ. ಸೋತ ಕಾಲು ಎಡವುತ್ತದೆ. ಇದರ ಮೇಲೆ ಹೆಜ್ಜೆಯ ತಪ್ಪೂ ಸೇರುತ್ತದೆ. ಹೆದರಿದ ಮನುಷ್ಯ ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ವಾಲಿಸಿ, ಕಾಲನ್ನು ದೂರಕ್ಕೆ ಚಾಚಿ ಇಡುತ್ತಾನೆ. ಅದು ಕ್ಷೇಮವೆಂದು ಅವನಿಗೆ ತೋರುತ್ತದೆ. ಗಣಿತ ಹೇಳುವುದು ಬೇರೆ.

ಇಳಿಜಾರು ೧೫ ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಚಾಚಿದ ಕಾಲು ನೆಟ್ಟಗಿನ ಗೆರೆಯಿಂದ ೨೦ ಡಿಗ್ರಿ ಮುಂದಕ್ಕೆ ಓರೆಯಾಗಿದ್ದರೆ, ಪಾದಕ್ಕೆ ಬೇಕಾದ ಹಿಡಿತ ೩೫ ಡಿಗ್ರಿಯ ಇಳಿಜಾರಿನಲ್ಲಿ ನಿಲ್ಲಲು ಬೇಕಾದಷ್ಟಾಗುತ್ತದೆ. ಅಂದರೆ ಗುಣಾಂಕ ೦.೭ ಇರಬೇಕು. ಅದೇ ಗಿಡ್ಡ ಹೆಜ್ಜೆಯಿಟ್ಟು ಕಾಲಿನ ಓರೆಯನ್ನು ೫ ಡಿಗ್ರಿಗೆ ಇಳಿಸಿದರೆ ೦.೩೬ ಸಾಕು. ಅರ್ಧದಷ್ಟು ಹಿಡಿತದಲ್ಲಿಯೇ ಕೆಲಸ ನಡೆಯಿತು! ಆದುದರಿಂದ ಇಳಿಯುವಾಗ ಹೆಜ್ಜೆ ಗಿಡ್ಡದಾಗಿರಲಿ, ಮೊಣಕಾಲು ಸ್ವಲ್ಪ ಮಡಿದಿರಲಿ, ಮೈಯ ಭಾರ ಪಾದದ ನೇರಕ್ಕೇ ಬೀಳಲಿ. ಹಿಮದ ಆಟವನ್ನು ಕಲಿಸುವ ಗುರುಗಳೂ ಶಿಷ್ಯರಿಗೆ ಮೊದಲು ಹೇಳುವುದು ಇದನ್ನೇ: ಹಿಂದಕ್ಕೆ ವಾಲಬೇಡಿ.

ಅಡ್ಡಡ್ಡಲಾಗಿ, ಹಾವಿನ ಜಾಡಿನಂತೆ ತಿರುಗುತ್ತ ಇಳಿಯುವುದೂ ಒಳ್ಳೆಯದು. ನಿಂತ ಕಾಲಿಗೆ ಬೇಕಾದ ಹಿಡಿತ ಇದರಿಂದ ಕಡಮೆಯಾಗುವುದಿಲ್ಲವಾದರೂ, ಓಟದ ವೇಗ ಕೂಡಿಕೊಳ್ಳುವುದು ತಪ್ಪುತ್ತದೆ. ಪಾದದ ಅಂಚನ್ನು ಮಣ್ಣಿಗೆ ಒತ್ತಲು ಅನುಕೂಲವಾಗುತ್ತದೆ. ಗುಡ್ಡಕ್ಕೂ ಇದು ಹಿತ. ನೇರವಾಗಿ ಇಳಿದವರ ಜಾಡು ಮೊದಲ ಮಳೆಗೇ ನೀರಿನ ಕಾಲುವೆಯಾಗುತ್ತದೆ. ಕೆಲವು ವರ್ಷಗಳಲ್ಲಿ ಅದು ಕೊರಕಲಾಗಿ ಹುಲ್ಲಿನ ಹೊದಿಕೆ ಹರಿದುಹೋಗುತ್ತದೆ. ದಾರಿಯಿದ್ದಲ್ಲಿ ದಾರಿಯಲ್ಲಿಯೇ ನಡೆಯಿರಿ.

ಕೈಯಲ್ಲೊಂದು ಕೋಲಿದ್ದರೆ ಹೊಸಬರಿಗೆ ಮೂರನೆಯ ಕಾಲಿದ್ದಂತೆ. ಅಟ್ಟೆಯ ಗೀರುಗಳಲ್ಲಿ ಕೆಸರು ತುಂಬಿದರೆ ಗೀರುಗಳಿದ್ದೂ ಇಲ್ಲದಂತೆಯೇ; ಆಗಾಗ್ಗೆ ನಿಂತು ಕೆರೆದು ತೆಗೆಯಬೇಕು. ಅಭ್ಯಾಸಕ್ಕೆ ಮೊದಲು ಮಂಜರಾಬಾದ್ ಕೋಟೆಗೆ ಹೋಗಬಹುದು. ಟಿಪ್ಪು ಸುಲ್ತಾನನು ೧೭೯೨ರಲ್ಲಿ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರದ ಆಕಾರದ ಈ ಕೋಟೆ ಹೆದ್ದಾರಿಯ ಪಕ್ಕದಲ್ಲಿಯೇ ದೋಣಿಗಾಲಿನ ಬಳಿ ಇದೆ. ಏರು ಬಹಳವಿಲ್ಲ. ಆದರೆ ಮಳೆಗಾಲದಲ್ಲಿ ಕಲ್ಲುಗಳ ಮೇಲೆ ಹಸುರು ಪಾಚಿ ಹಬ್ಬಿರುತ್ತದೆ. ಘರ್ಷಣೆಯ ಪಾಠವನ್ನು ಅಲ್ಲಿಯೇ ಕಲಿಯಬಹುದು.

ಮಂಜು ಎಂಬ ಮೋಡ

ಮಂಜರಾಬಾದ್ ಎಂಬ ಹೆಸರಿನಲ್ಲಿಯೇ ಮಂಜು ಇದೆಯೆಂದು ಜನ ಹೇಳುತ್ತಾರೆ. ಈ ಮಂಜು ಎರಡು ಬಗೆ. ಎರಡಕ್ಕೂ ಕಾರಣ ಬೇರೆ, ನಮ್ಮ ನಡವಳಿಕೆಯೂ ಬೇರೆಯಾಗಬೇಕು.

ಮಳೆಗಾಲದ ಮಂಜು ನಿಜವಾಗಿ ಮೋಡವೇ. ಕಡಲಿನಿಂದ ಬೀಸುವ ಹಸಿಗಾಳಿ ಘಟ್ಟದ ಗೋಡೆಗೆ ಬಡಿದು ಮೇಲಕ್ಕೇರುತ್ತದೆ. ಏರುವಾಗ ತಣಿದು, ಒಂದು ಎತ್ತರದಲ್ಲಿ ಅದರೊಳಗಿನ ಆವಿ ಹನಿಗಟ್ಟುತ್ತದೆ. ಯಾವ ಉಷ್ಣತೆಯಲ್ಲಿ ಆವಿ ಹನಿಯಾಗುವುದೋ ಅದಕ್ಕೆ ಇಬ್ಬನಿ ಬಿಂದು ಎನ್ನಬಹುದು. ಗಾಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ ನಡುವೆ ಎಷ್ಟು ಡಿಗ್ರಿ ಅಂತರವಿದೆಯೋ ಅದನ್ನು ೧೨೫ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರ್ ಎತ್ತರದಲ್ಲಿರುವುದೆಂದು ಸುಮಾರಾಗಿ ತಿಳಿಯುತ್ತದೆ. ಕರಾವಳಿಯಲ್ಲಿ ಗಾಳಿ ೨೭ ಡಿಗ್ರಿ, ಇಬ್ಬನಿ ಬಿಂದು ೨೪ ಡಿಗ್ರಿ ಇದ್ದರೆ, ಮೋಡದ ತಳ ೩೭೫ ಮೀಟರಿನಲ್ಲಿ. ಘಟ್ಟದ ಅಂಚಾದರೋ ೯೦೦ ಮೀಟರಿನ ಆಸುಪಾಸಿನಲ್ಲಿದೆ. ಎಂದ ಮೇಲೆ ಮಳೆಗಾಲದಲ್ಲಿ ಅಂಚಿನ ಗುಡ್ಡವನ್ನೇರುವವನು ಮೋಡದ ಹೊಟ್ಟೆಯೊಳಗೇ ನಡೆಯುತ್ತಾನೆ. ಗಾಳಿ ಬೀಸುತ್ತಿರುವವರೆಗೆ ಈ ಮಂಜು ಕರಗದು. ಬಿಸಿಲೇರಲೆಂದು ಕಾಯುವುದರಿಂದ ಪ್ರಯೋಜನವಿಲ್ಲ.

ಚಳಿಗಾಲದ ಮಂಜಿನ ರೀತಿ ಬೇರೆ. ಡಿಸೆಂಬರಿನ ತಿಳಿ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ಅದನ್ನು ಮುಟ್ಟಿದ ಗಾಳಿ ತಣಿದು ಭಾರವಾಗಿ, ನೀರಿನಂತೆ ಕಣಿವೆಗಿಳಿದು ಹೇಮಾವತಿಯ ಬಯಲಿನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ಮಂಜು ಕಟ್ಟುತ್ತದೆ. ಆಗ ಕೆಳಗಿಗಿಂತ ಗುಡ್ಡದ ತಲೆಯೇ ಬೆಚ್ಚಗಿರುತ್ತದೆ. ಪಟ್ಟಣದಲ್ಲಿ ಎದುರಿಗಿದ್ದ ಮನೆ ಕಾಣದ ಹೊತ್ತಿನಲ್ಲಿ ಗುಡ್ಡವನ್ನೇರಿದವನಿಗೆ ನೀಲಿ ಆಕಾಶವೂ ಕಾಲ ಕೆಳಗೆ ಹಾಲಿನ ಕಡಲೂ ಕಾಣುತ್ತವೆ. ಹಳಬರು ಚಳಿಗಾಲದಲ್ಲಿ ನಸುಕಿನಲ್ಲಿಯೇ ಹೊರಡಿ ಎನ್ನುವುದು ಇದಕ್ಕಾಗಿಯೇ. ಬಿಸಿಲೇರಿ ನೆಲ ಕಾದ ಮೇಲೆ ಈ ದೃಶ್ಯ ಉಳಿಯದು.

ನೀರು ಹೋದ ದಾರಿ

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಮಧ್ಯಾಹ್ನ ನಾವು ಮೂವರು ಗೆಳೆಯರೊಡನೆ ಘಟ್ಟದ ಅಂಚಿನ ಗುಡ್ಡವೊಂದರಲ್ಲಿದ್ದೆವು. ಮೋಡ ಮುಸುಕಿ ಹತ್ತು ಮಾರು ದೂರವೂ ಕಾಣದಾಯಿತು. ದಾರಿ ತಪ್ಪಿತೆಂದು ತಿಳಿದಾಗ, ನೀರು ಹೋದ ಕಡೆ ಹೋದರೆ ಊರು ಸಿಕ್ಕೀತು ಎಂಬ ಗಾದೆಯಂಥ ಮಾತನ್ನು ನಂಬಿ ಸಣ್ಣ ತೊರೆಯೊಂದರ ಜೊತೆ ಇಳಿಯತೊಡಗಿದೆವು. ದನ ಹುಡುಕಿಕೊಂಡು ಬಂದಿದ್ದ ಕಂಬಳಿ ಕೊಪ್ಪೆಯ ಮುದುಕರೊಬ್ಬರು ನಮ್ಮ ಮಾತಿನ ಸದ್ದು ಕೇಳಿ ಕೂಗಿ ನಿಲ್ಲಿಸಿದರು. “ಎಲ್ಲಿಗೆ ಹೋಗ್ತೀರಿ ಸ್ವಾಮಿ? ಆ ನೀರು ಘಟ್ಟದ ಕೆಳಕ್ಕೆ ಧುಮುಕುತ್ತೆ. ನೀವೂ ಧುಮುಕ್ತೀರಾ? ಇಲ್ಲೇ ಕೂತ್ಕೊಳ್ಳಿ, ಒಂದು ಗಳಿಗೆ ಬಿಟ್ಟು ನಾನೇ ಕರ್ಕೊಂಡು ಹೋಗ್ತೀನಿ” ಎಂದರು. ಅವರು ಅಲ್ಲಿರದಿದ್ದರೆ ಈ ಲೇಖನವನ್ನು ಬರೆಯಲು ನಾವಿರುತ್ತಿದ್ದೆವೋ ಇಲ್ಲವೋ ಹೇಳಲಾರೆವು.

ಮುದುಕರ ಮಾತಿನಲ್ಲಿ ಈ ಸೀಮೆಯ ಭೂವಿವರಣೆಯೆಲ್ಲ ಅಡಗಿದೆ. ಘಟ್ಟದ ನೆತ್ತಿ ನೀರನ್ನು ಎರಡಾಗಿ ಒಡೆಯುವ ಗೆರೆ. ಪೂರ್ವಕ್ಕೆ ಬಿದ್ದ ಹನಿ ಹೇಮಾವತಿಯನ್ನು ಸೇರಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕೆಂಪುಹೊಳೆಯಂಥ ಹೊಳೆಗಳಿಂದ ಕುಮಾರಧಾರಾ ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ತೊರೆ ಸಾವಕಾಶವಾಗಿ ಗದ್ದೆಬಯಲಿಗೆ ಇಳಿಯುತ್ತದೆ. ಅದರ ಜೊತೆ ಹೋದವನಿಗೆ ಊರು ಸಿಕ್ಕುತ್ತದೆ. ಪಶ್ಚಿಮದ ತೊರೆ ಕೆಲವೇ ಕಿಲೋಮೀಟರುಗಳಲ್ಲಿ ನೂರಾರು ಮೀಟರು ಇಳಿಯಬೇಕಾದುದರಿಂದ ಜಲಪಾತವಾಗಿ, ಕಮರಿಯಾಗಿ ಧುಮುಕುತ್ತದೆ. ಒಂದೇ ಗಾದೆ ಗೆರೆಯ ಈಚೆಗೆ ಸತ್ಯ, ಆಚೆಗೆ ಮೃತ್ಯು.

ಮಂಜಿನಲ್ಲಿ ನೇರವಾಗಿ ನಡೆಯುತ್ತೇನೆಂಬ ಧೈರ್ಯವೂ ಸಲ್ಲದು. ಯಾನ್ ಸೌಮನ್ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಜರ್ಮನಿಯ ಕಾಡಿನಲ್ಲಿ ಸೂರ್ಯ ಕಾಣುವಾಗ ಜನ ಹೆಚ್ಚುಕಡಮೆ ನೇರವಾಗಿ ನಡೆದರು. ಮೋಡ ಕವಿದಾಗ ತಮಗೆ ತಿಳಿಯದಂತೆಯೇ ಸುತ್ತು ಹಾಕಿ ತಮ್ಮ ಹೆಜ್ಜೆಯ ಜಾಡನ್ನೇ ಮತ್ತೆ ದಾಟಿದರು. ಗುರುತು ಕಾಣದಾಗ ನಿಲ್ಲಬೇಕು, ಒಟ್ಟಿಗಿರಬೇಕು, ಕೂಗಿ ಸದ್ದು ಮಾಡಬೇಕು. ಅಲೆಯಬಾರದು.

ಹೊಳೆ ದಾಟುವ ವಿಷಯದಲ್ಲಿಯೂ ಎಚ್ಚರ ಬೇಕು. ಹರಿಯುವ ನೀರು ಕಾಲನ್ನು ನೂಕುವ ಬಲ ವೇಗದ ವರ್ಗದಂತೆ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ನೂಕು ನಾಲ್ಮಡಿ. ಮೊಣಕಾಲಿಗೆ ಬರುವ ರಭಸದ ನೀರು ಆಳನ್ನು ಉರುಳಿಸಬಲ್ಲದು. ಬೆಳಿಗ್ಗೆ ದಾಟಿದ ಹಳ್ಳ ಸಂಜೆಗೆ ದಾಟಲಾಗದಿರಬಹುದು. ಏಕೆಂದರೆ ನಾವಿರುವಲ್ಲಿ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಮಳೆ ಬಿದ್ದಿರುತ್ತದೆ. ತಿಳಿಯಾಗಿದ್ದ ನೀರು ಹಠಾತ್ತಾಗಿ ಕೆಂಪಾಗಿ, ತರಗೆಲೆ ಕಡ್ಡಿಗಳು ತೇಲಿಬಂದರೆ ನೆರೆ ಬರುತ್ತಿದೆಯೆಂದು ತಿಳಿದು ದಡಕ್ಕೆ ಸರಿಯಬೇಕು.

ಹೊತ್ತಿನ ಲೆಕ್ಕ

ಬೆಟ್ಟದಲ್ಲಿ ಕತ್ತಲಾಗುವುದಕ್ಕೆ ಮುಖ್ಯ ಕಾರಣ ಸೂರ್ಯನಲ್ಲ, ತಪ್ಪು ಲೆಕ್ಕ. ೧೮೯೨ರಲ್ಲಿ ನೇಯ್‌ಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ ಸುಲಭವಾದ ಸೂತ್ರವೊಂದನ್ನು ಕೊಟ್ಟ. ಐದು ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ ೬೦೦ ಮೀಟರ್ ಏರಿಗೆ ಇನ್ನೊಂದು ಗಂಟೆ. ಆರು ಕಿಲೋಮೀಟರ್ ದೂರ, ೬೦೦ ಮೀಟರ್ ಏರು ಇದ್ದರೆ ಎರಡು ಗಂಟೆ ಹನ್ನೆರಡು ನಿಮಿಷ. ಇದು ನುರಿತವನ ಲೆಕ್ಕ. ಮಲೆನಾಡಿನ ಪೊದೆ, ಕೆಸರು, ಗುಂಪಿನಲ್ಲಿರುವ ಮಕ್ಕಳು ಇವುಗಳಿಗಾಗಿ ಅರ್ಧದಷ್ಟನ್ನು ಕೂಡಿಸಿ ಮೂರೂಕಾಲು ಗಂಟೆಯೆನ್ನಿ. ಇಳಿಯಲೂ ಅಷ್ಟೇ ಇರಲಿ. ಡಿಸೆಂಬರಿನಲ್ಲಿ ಇಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ನಮ್ಮದು ಭೂಮಧ್ಯ ರೇಖೆಗೆ ಸಮೀಪದ ನಾಡಾದುದರಿಂದ ಅವನು ಓರೆಯಾಗಿಳಿಯದೆ ಬಹುಮಟ್ಟಿಗೆ ನೇರವಾಗಿ ಮುಳುಗುತ್ತಾನೆ; ಯುರೋಪಿನಲ್ಲಿರುವಂತೆ ದೀರ್ಘ ಸಂಧ್ಯೆಯಿಲ್ಲ. ಅರ್ಧ ಗಂಟೆಯೊಳಗೆ ಕಾಡಿನಲ್ಲಿ ಕತ್ತಲೆ.

ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ವಾಡಿಕೆ. ಮಿಂಚಿಗೂ ಗುಡುಗಿಗೂ ನಡುವಣ ಸೆಕೆಂಡುಗಳನ್ನೆಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರವೆಂದು ತಿಳಿಯುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಮೆಯಾದರೆ ಬೋಳು ನೆತ್ತಿಯಿಂದ ಕೂಡಲೆ ಇಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು. ಈ ತಿಂಗಳುಗಳಲ್ಲಿ ಹನ್ನೆರಡಕ್ಕೆ ಮೊದಲೇ ಶಿಖರ, ಎರಡಕ್ಕೆ ಮೊದಲೇ ಮನೆ ಎಂಬುದು ಒಳ್ಳೆಯ ನಿಯಮ.

ಇಂಬಳ ಮತ್ತು ಉಣುಗು

ಮಳೆಗಾಲದಲ್ಲಿ ಕಾಡಿಗೆ ಕಾಲಿಟ್ಟವರನ್ನು ಮೊದಲು ಎದುರುಗೊಳ್ಳುವುದು ಇಂಬಳ. ನೆಲದ ಮೇಲೆ ಬಾಳುವ ಈ ಜಿಗಣೆ ನಮ್ಮ ಹೆಜ್ಜೆಯ ಅದುರು, ಮೈಯ ಶಾಖ, ಉಸಿರಿನ ಇಂಗಾಲಾಮ್ಲ ಇವುಗಳಿಂದ ನಮ್ಮ ಬರವನ್ನು ತಿಳಿಯುತ್ತದೆ. ಆದುದರಿಂದ ನಿಂತವರಿಗೆ ಅದು ಹೆಚ್ಚು ಹತ್ತುತ್ತದೆ. ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಡುವುದರಿಂದ ಅದು ಉದುರಿದ ಮೇಲೂ ರಕ್ತ ಒಸರುತ್ತಿರುತ್ತದೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಕಿತ್ತೆಳೆಯದೆ, ಕಚ್ಚಿದ ತುದಿಯ ಬಳಿ ಉಗುರನ್ನು ತೂರಿಸಿ ಬಿಡಿಸಬೇಕು; ಆಮೇಲೆ ಸಾಬೂನಿನಿಂದ ತೊಳೆದು ಒತ್ತಿ ಹಿಡಿಯಬೇಕು. ಒತ್ತಾಗಿ ನೆಯ್ದ ಉದ್ದನೆಯ ಕಾಲುಚೀಲದೊಳಗೆ ಷರಾಯಿಯ ಅಂಚನ್ನು ಸೇರಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ತೋಟದ ಆಳುಗಳು ಹೊಗೆಸೊಪ್ಪು ಸುಣ್ಣಗಳನ್ನು ಕಾಲಿಗೆ ಹಚ್ಚಿಕೊಳ್ಳುವುದೂ ಉಂಟು.

ಇಂಬಳಕ್ಕಿಂತ ಹೆದರಬೇಕಾದದ್ದು ಬೇಸಗೆಯ ಉಣುಗಿಗೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಈ ಹುಳುವೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಲೆನಾಡಿನ ಕಾಡಿನಲ್ಲಿ ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿಗೆ ಹೋಗಿಬಂದ ಕೆಲವು ದಿನಗಳಲ್ಲಿ ಜ್ವರ ಬಂದರೆ ಆ ಸಂಗತಿಯನ್ನು ವೈದ್ಯರಿಗೆ ಹೇಳಬೇಕು.

ಉಡುಪಿನ ಬಗ್ಗೆ ಒಂದು ಮಾತು. ನೀರು ಗಾಳಿಗಿಂತ ಸುಮಾರು ೨೫ ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಒದ್ದೆಯಾದ ಹತ್ತಿಯ ಬಟ್ಟೆ ಮೈಗಂಟಿ, ಗಾಳಿಯಲ್ಲಿ ಮೈಯ ಕಾವನ್ನು ಕದಿಯುತ್ತದೆ. ಉಣ್ಣೆ ಒದ್ದೆಯಾದರೂ ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಮಲೆನಾಡಿನವರು ಕಂಬಳಿಯನ್ನು ಬಿಡದಿದ್ದುದು ಬಡತನದಿಂದಲ್ಲ, ಅನುಭವದಿಂದ.

ಆನೆಯ ಹಾದಿ

ಸಕಲೇಶಪುರ ಆಲೂರುಗಳ ಗುಡ್ಡಗಳಿಗೆ ಹೋಗುವ ದಾರಿಗಳು ಬಹುಮಟ್ಟಿಗೆ ಕಾಫಿ ತೋಟಗಳ ನಡುವೆ ಹಾಯುತ್ತವೆ. ಅದೇ ತೋಟಗಳಲ್ಲಿ ಕಾಡಾನೆಗಳೂ ತಿರುಗಾಡುತ್ತವೆ. ಕಾಡು ತುಂಡಾದ ಕಡೆ ಆನೆಗಳಿಗೆ ತೋಟದ ನೆರಳು, ಹೇಮಾವತಿಯ ಹಿನ್ನೀರು, ಗದ್ದೆಯ ಬತ್ತ ಆಶ್ರಯವಾಗಿವೆ. ಈ ಕಾಟ ಹಾಸನ ಜಿಲ್ಲೆಯ ರೈತರ ಮತ್ತು ಆಳುಗಳ ಪ್ರಾಣವನ್ನು ಹಲವು ಸಲ ತೆಗೆದುಕೊಂಡಿದೆ. ಆನೆಗಳೂ ಸತ್ತಿವೆ. ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನು ೨೦೨೩ರ ಡಿಸೆಂಬರ್ ೪ರಂದು ಪ್ರಾಣ ಬಿಟ್ಟದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆಯೊಂದರೊಡನೆ ಕಾದಾಡಿ. ಪಳಗಿದ, ಅನುಭವವಿದ್ದ ಮದ್ದಾನೆಗೇ ಹೀಗಾಯಿತೆಂದರೆ ಮನುಷ್ಯನ ಪಾಡೇನು?

ಆದುದರಿಂದ ತೋಟದ ದಾರಿಯನ್ನು ಹಿಡಿಯುವ ಮೊದಲು ತೋಟದ ರೈಟರನ್ನೋ ಆಳುಗಳನ್ನೋ ಕೇಳಿ, ಅನುಮತಿ ಪಡೆದು ಹೋಗಬೇಕು. ಅದು ಮರ್ಯಾದೆಯೂ ಹೌದು. ನಿನ್ನೆ ರಾತ್ರಿ ಆನೆ ಎಲ್ಲಿತ್ತೆಂಬುದು ಅವರಿಗೇ ಗೊತ್ತು. ಅರಣ್ಯ ಇಲಾಖೆಯೂ ಆನೆಗಳ ಸಂಚಾರವನ್ನು ಮೊಬೈಲ್ ಸಂದೇಶಗಳಿಂದ ಊರವರಿಗೆ ತಿಳಿಸುತ್ತದೆ. ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ ತೋಟದೊಳಗೆ ಕಾಲ್ನಡೆ ಬೇಡ. ಚಳಿಗಾಲದಲ್ಲಿ ನಸುಕಿನಲ್ಲಿ ಹೊರಡಬೇಕೆಂದೆವಲ್ಲ, ಅದು ಆನೆಯಿಲ್ಲವೆಂದು ಊರವರು ಹೇಳಿದ ದಾರಿಗೆ ಮಾತ್ರ ಸಲ್ಲುವ ಮಾತು. ಹಸಿ ಲದ್ದಿ, ಮುರಿದ ಬಾಳೆ, ಬೈನೆಯ ಗರಿ ಕಂಡರೆ ಹಿಂದಿರುಗಬೇಕು. ಮಂಜಿನಲ್ಲಿ ನಮಗೆ ಆನೆ ಕಾಣದು. ಆನೆಗಾದರೋ ಕಣ್ಣಿಗಿಂತ ಸೊಂಡಿಲೇ ಚುರುಕು.

ಬೆಂಕಿ ಮತ್ತು ರೈಲು

ಬೇಸಗೆಯ ಒಣಹುಲ್ಲಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಜ್ವಾಲೆ ಮೇಲಿನ ಹುಲ್ಲಿಗೆ ಹತ್ತಿರವಾಗಿ ಅದನ್ನು ಮೊದಲೇ ಕಾಯಿಸಿ ಒಣಗಿಸುವುದೇ ಇದಕ್ಕೆ ಕಾರಣ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆಂದು ಲೆಕ್ಕ. ಮೂವತ್ತು ಡಿಗ್ರಿಯ ಗುಡ್ಡದಲ್ಲಿ ಅದು ಬಯಲಿನ ಬೆಂಕಿಗಿಂತ ಎಂಟು ಪಟ್ಟು ವೇಗ. ಏರುತ್ತ ಓಡಿ ಯಾರೂ ಅದನ್ನು ಮೀರಿಸಲಾರರು. ಪಕ್ಕಕ್ಕೆ ಸರಿದು ಬಂಡೆಯನ್ನೋ ತೊರೆಯನ್ನೋ ಆಗಲೇ ಸುಟ್ಟ ನೆಲವನ್ನೋ ಸೇರಬೇಕು. ೨೦೨೩ರ ಫೆಬ್ರವರಿಯಲ್ಲಿ ಇದೇ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡುಕಿಚ್ಚನ್ನಾರಿಸಲು ಹೋದ ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು. ಗುಡ್ಡದ ಮೇಲೆ ಚಹಾ ಕಾಯಿಸುವ ಒಲೆ, ಎಸೆದ ಬೀಡಿ ಸಿಗರೇಟು ಇವುಗಳ ಬೆಲೆಯನ್ನು ತೆರುವವರು ಬೇರೆಯವರು ಎಂಬುದನ್ನು ಮರೆಯಬಾರದು.

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗಿಳಿಯುವ ರೈಲು ಹಾದಿಯ ಮೇಲೆ ನಡೆಯುವ ಹುಚ್ಚೂ ಹಲವರಿಗುಂಟು. ೧೯೭೯ರಲ್ಲಿ ತೆರೆದ ಈ ಹಾದಿಯಲ್ಲಿ ೫೭ ಸುರಂಗಗಳಿವೆ. ೫೦ ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರಿದೆ. ತಿರುವುಗಳೂ ಗುಡ್ಡಗಳೂ ಸದ್ದನ್ನು ತಡೆಯುವುದರಿಂದ ರೈಲು ಹತ್ತಿರ ಬರುವವರೆಗೆ ಕೇಳಿಸದಿರಬಹುದು. ಸೇತುವೆಯ ನಡುವೆ ಸಿಕ್ಕಿದವನಿಗೆ ಸರಿಯಲು ಜಾಗವಿರದು. ಇಲ್ಲಿ ನಡೆಯುವುದು ರೈಲ್ವೆ ಕಾನೂನಿನಂತೆ ಅಪರಾಧ. ಮಳೆಗಾಲದಲ್ಲಿ ಮಣ್ಣು ಕುಸಿಯುವ ಭಯವೂ ಇದೆ. ೨೦೨೪ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಬಳಿ ಕುಸಿತವಾಗಿ ಸಂಚಾರ ನಿಂತುಹೋಗಿತ್ತು. ಈ ಹಾದಿಯ ಸೊಬಗನ್ನು ನೋಡುವ ಒಳ್ಳೆಯ ಉಪಾಯ ಟಿಕೆಟ್ಟು ಕೊಂಡು ಕಿಟಕಿಯ ಬಳಿ ಕೂರುವುದು.

ಅರಣ್ಯಕ್ಕೆ ಸೇರಿದ ಗುಡ್ಡಗಳಿಗೆ ಇಲಾಖೆಯ ಅನುಮತಿ ಬೇಕು. ೨೦೨೪ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಸರ್ಕಾರವು ಚಾರಣವನ್ನು ಕೆಲಕಾಲ ನಿಲ್ಲಿಸಿ, ಮುಂಗಡ ನೋಂದಣಿಯ ಪದ್ಧತಿಯನ್ನು ತಂದಿತು. ಇದನ್ನು ತೊಡಕೆಂದು ಎಣಿಸಬೇಕಾಗಿಲ್ಲ. ಯಾರು ಯಾವ ದಿನ ಬೆಟ್ಟದಲ್ಲಿದ್ದಾರೆಂಬುದು ತಿಳಿದಿದ್ದರೆ, ಸಂಜೆ ಮರಳದವರನ್ನು ಹುಡುಕಲಾದರೂ ಬರುವುದಷ್ಟೆ.

ಇಷ್ಟನ್ನು ಓದಿ ವಾಚಕರು ಹೆದರಿ ಮನೆಯಲ್ಲಿ ಕೂರಲೆಂಬುದು ನಮ್ಮ ಉದ್ದೇಶವಲ್ಲ. ಹಿಮದ ಬೆಟ್ಟದಲ್ಲಿ ಆಡುವವನಿಗೂ ಹುಲ್ಲಿನ ಬೆಟ್ಟದಲ್ಲಿ ನಡೆಯು‌ವವನಿಗೂ ಬೇಕಾದ ವಿದ್ಯೆ ಒಂದೇ: ಕಾಲ ಕೆಳಗಿನ ನೆಲವನ್ನು, ತಲೆಯ ಮೇಲಿನ ಆಕಾಶವನ್ನು, ಕೈಯಲ್ಲಿರುವ ಹೊತ್ತನ್ನು ಓದುವುದು. ಇವುಗಳಲ್ಲಿ ಒಂದು ಒಪ್ಪದಿದ್ದರೂ ಹಿಂದಿರುಗುವುದು. ನಮ್ಮನ್ನು ತೊರೆಯ ಬಳಿ ತಡೆದ ಮುದುಕರು ಸಂಜೆ ರಸ್ತೆಗೆ ಮುಟ್ಟಿಸಿ, ಬೀಳ್ಕೊಡುವಾಗ ಹೇಳಿದ ಮಾತು ಇನ್ನೂ ನೆನಪಿದೆ: “ಗುಡ್ಡ ಎಲ್ಲೂ ಓಡಿಹೋಗಲ್ಲ ಸ್ವಾಮಿ, ಇನ್ನೊಂದು ದಿನ ಬನ್ನಿ.” ಆಮೇಲೆ ಮಾಗಿಯ ಒಂದು ತಿಳಿಯಾದ ಬೆಳಿಗ್ಗೆ ನಾವು ಅದೇ ಗುಡ್ಡವನ್ನು ಏರಿದೆವು. ಅಂದು ತೊರೆಯ ಜೊತೆ ಇಳಿಯಹೊರಟಿದ್ದ ಜಾಗದಿಂದ ಐವತ್ತು ಹೆಜ್ಜೆಗಳಾಚೆ ನೆಲ ಮುಗಿದಿತ್ತು.